ಅಂಚೆ ಕಚೇರಿ ಕಲ್ಲಿನ ನಲವತ್ತೆರಡು ಮಿಲಿ

ನಲವತ್ತೆರಡು ಮಿಲಿಮೀಟರು ಅಂದರೆ ಎಷ್ಟು ಮಹಾ? ಎರಡು ಬೆರಳು ಜೋಡಿಸಿಟ್ಟರೆ ಅದಕ್ಕಿಂತ ಒಂದು ಚೂರು ಹೆಚ್ಚು. ಅಷ್ಟು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಜನ ಬಸ್ಸಿಗೆ ಓಡುತ್ತಾರೆ. ಆದರೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ಫೀಲ್ಡ್ ಬುಕ್ಕು ಹರಡಿಕೊಂಡು, ನಾಲ್ಕನೇ ಸಲ ಅದೇ ಅಂಕಿಗಳನ್ನು ಕೂಡಿ ಕಳೆಯುತ್ತಿದ್ದ ಹುಡುಗಿಗೆ ಆ ನಲವತ್ತೆರಡು ಮಿಲಿ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಅವಳನ್ನು ಮನೆಯಲ್ಲೂ ಆಫೀಸಿನಲ್ಲೂ ಎಲ್ಲರೂ ಕರೆಯುವುದು ಮಿಲಿ ಅಂತಲೇ. ಒಂಬತ್ತು ವರ್ಷದವಳಿದ್ದಾಗ ಮನೆಗೆ ಬಂದ ಬಡಗಿ ಗೋಡೆಗೆ ಶೆಲ್ಫು ಬಡಿದು, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟಾಗ, ಇವಳು ಸೊಂಟದ ಮೇಲೆ ಕೈಯಿಟ್ಟು, "ಎಡಗಡೆ ಎರಡು ಮಿಲಿ ಇಳಿದಿದೆ" ಅಂದಿದ್ದಳು. ಬಡಗಿ ನಕ್ಕ. ದೊಡ್ಡಪ್ಪ ಸ್ಕೇಲು ತಂದು ಅಳೆದರು. ಎರಡೇ ಮಿಲಿ ಇಳಿದಿತ್ತು. ಆಮೇಲೆ ಬಡಗಿ ನಗಲಿಲ್ಲ. ದೊಡ್ಡಪ್ಪ ಮಾತ್ರ ಒಂದು ವಾರ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಆ ಕಥೆ ಹೇಳಿಕೊಂಡು ತಿರುಗಿದರು. ಅವರೇ ಸರ್ವೇ ಆಫೀಸಿನಲ್ಲಿದ್ದವರು. ಊರಿನ ಏರು ತಗ್ಗುಗಳನ್ನೆಲ್ಲ ಮೂವತ್ತು ವರ್ಷದ ಹಿಂದೆ ಅಳೆದು ದಪ್ಪ ರಿಜಿಸ್ಟರಿನಲ್ಲಿ ಬರೆದಿಟ್ಟವರು. ಅವರು ನಿವೃತ್ತರಾಗಿ ಆರು ವರ್ಷವಾದರೂ ಆ ರಿಜಿಸ್ಟರಿನ ಮಾತಿಗೆ ಆಫೀಸಿನಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಇವತ್ತು ಆ ರಿಜಿಸ್ಟರಿಗೂ ಮಿಲಿಗೂ ಜಗಳ ಬಿದ್ದಿತ್ತು.

ಕೆಲಸ ಹೇಳುವುದಕ್ಕೆ ಸುಲಭ. ಊರಿನ ಮೇಲ್ಗಡೆ ನೀರಿನ ಟ್ಯಾಂಕಿನ ಬುಡದಲ್ಲಿ ಒಂದು ಕಲ್ಲು, ಕೆಳಗಡೆ ಅಂಚೆ ಕಚೇರಿಯ ಜಗಲಿಯಲ್ಲಿ ಇನ್ನೊಂದು ಕಲ್ಲು. ಎರಡರ ಎತ್ತರವೂ ರಿಜಿಸ್ಟರಿನಲ್ಲಿದೆ. ಟ್ಯಾಂಕಿನ ಕಲ್ಲಿನಿಂದ ಹೊರಟು ದಾರಿಯುದ್ದಕ್ಕೂ ನೆಲ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಬರೆಯುತ್ತಾ ಹೋಗಿ ಅಂಚೆ ಕಚೇರಿ ಕಲ್ಲಿಗೆ ಮುಟ್ಟಿಸಬೇಕು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಲೆವೆಲ್ ಅನ್ನುವ ದುರ್ಬೀನು. ಅದು ಎಲ್ಲಿ ತಿರುಗಿದರೂ ಒಂದೇ ಮಟ್ಟದಲ್ಲಿ ನೋಡುತ್ತದೆ. ಹಿಂದೆ ಅಂಕಿಕೋಲು ನಿಲ್ಲಿಸಿ ಒಂದು ಸಲ ಓದು, ಮುಂದೆ ನಿಲ್ಲಿಸಿ ಇನ್ನೊಂದು ಸಲ ಓದು, ಒಂದರಿಂದ ಇನ್ನೊಂದನ್ನು ಕಳೆ, ಬರಿ. ಯಂತ್ರ ಹೊತ್ತುಕೊಂಡು ಮುಂದೆ ಹೋಗು. ಹೀಗೆ ಹದಿನಾಲ್ಕು ಸಲ. ಕೊನೆಗೆ ಬಂದ ಅಂಕಿ ರಿಜಿಸ್ಟರಿನ ಅಂಕಿಗೆ ಸೇರಿದರೆ ಕೆಲಸ ಕೂಡಿತು. ಒಂದೂಕಾಲು ಕಿಲೋಮೀಟರಿಗೆ ಹದಿಮೂರು ಮಿಲಿಯವರೆಗೆ ವ್ಯತ್ಯಾಸ ಬಂದರೆ ಮಾಫಿ.

ರಿಜಿಸ್ಟರಿನಲ್ಲಿ ಅಂಚೆ ಕಚೇರಿ ಕಲ್ಲು ತೊಂಬತ್ತೇಳು ಪಾಯಿಂಟ್ ಮೂರು ಒಂದು ಎಂಟು ಮೀಟರು. ಮಿಲಿಗೆ ಗುರುವಾರ ಸಿಕ್ಕಿದ್ದು ತೊಂಬತ್ತೇಳು ಪಾಯಿಂಟ್ ಮೂರು ಆರು ಸೊನ್ನೆ. ಶುಕ್ರವಾರ ಸಿಕ್ಕಿದ್ದೂ ಅದೇ.

"ಏನಂತಮ್ಮಾ ಪುಸ್ತಕ?" ಪಕ್ಕದಲ್ಲಿ ನಿಂತಿದ್ದ ಕೋಲಣ್ಣ ಕೇಳಿದ.

ಕೋಲಣ್ಣ ಅಂದರೆ ಅಂಕಿಕೋಲು ಹಿಡಿಯುವವನು. ಮೂವತ್ತಾರು ವರ್ಷದಿಂದ ಅದನ್ನೇ ಹಿಡಿದು ಹಿಡಿದು ಆತನೂ ಕೋಲಿನ ಹಾಗೇ ಆಗಿದ್ದ. ಉದ್ದ, ತೆಳು, ನೆಟ್ಟಗೆ. ಕೋಲು ಕೈಯಲ್ಲಿದ್ದಾಗ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಕೋಲು ಇಳಿಸಿದ ಮೇಲೆ ಅಷ್ಟೂ ಹೊತ್ತಿನ ಬಾಕಿಯೆಲ್ಲ ಒಟ್ಟಿಗೆ ತೀರಿಸುತ್ತಿದ್ದ.

"ಅದೇ ನಲವತ್ತೆರಡು" ಅಂದಳು ಮಿಲಿ.

"ಬಿಡ್ತಾ ಇಲ್ವಲ್ಲ ಇದು! ನೆಂಟರಾದ್ರೂ ಎರಡು ದಿನಕ್ಕೆ ಹೊರಡ್ತಾರೆ."

"ನೀವು ಕೋಲು ಓರೆ ಹಿಡಿದಿರಾ ಅಣ್ಣಾ?"

ಕೋಲಣ್ಣ ಎದೆ ಮೇಲೆ ಕೈಯಿಟ್ಟುಕೊಂಡ. "ನನ್ನನ್ನ ಏನಾದರೂ ಅನ್ನಮ್ಮಾ, ಓರೆ ಅಂತ ಮಾತ್ರ ಅನ್ನಬೇಡ. ನನ್ನ ಹೆಂಡತಿನೂ ಇವತ್ತಿನವರೆಗೆ ಹಾಗಂದಿಲ್ಲ. ಮೂವತ್ತು ವರ್ಷದ ಹಿಂದೆ ನಿಮ್ಮ ದೊಡ್ಡಪ್ಪ ಅಳೆಯುವಾಗ ಇದೇ ಕಲ್ಲಿನ ಮೇಲೆ ಕೋಲು ಹಿಡಿದಿದ್ದೂ ನಾನೇ."

ಹಾಗಂದು, ಗೋಡೆಗೆ ಒರಗಿಸಿಟ್ಟಿದ್ದ ಕೋಲನ್ನೆತ್ತಿ ಅದರ ತುದಿಯಿಂದ ಕಲ್ಲನ್ನು ಟಕ್ ಟಕ್ ಎಂದು ತಟ್ಟಿದ. ತಟ್ಟಿದ್ದೇ ತಡ, ಒಳಗಿನಿಂದ ಪೋಸ್ಟ್ ಮೇಡಂ ಮುದ್ರೆ ಕೈಯಲ್ಲೇ ಹಿಡಿದುಕೊಂಡು ಧಾವಿಸಿ ಬಂದರು.

"ರೀ! ಮೆಲ್ಲಗೆ ಇಡ್ರೀ ಕೋಲನ್ನ! ಎರಡು ದಿನದಿಂದ ನೋಡ್ತಾ ಇದೀನಿ, ಒನಕೆ ಕುಟ್ಟಿದ ಹಾಗೆ ಕುಟ್ತಾ ಇದೀರ. ಅದು ಸರ್ಕಾರದ ಕಲ್ಲು!"

"ನಾವೂ ಸರ್ಕಾರದವರೇ ಮೇಡಂ" ಅಂದ ಕೋಲಣ್ಣ, ಕೋಲನ್ನು ಮತ್ತೆ ಗೋಡೆಗೆ ಒರಗಿಸಿ.

"ಇರಬಹುದು. ವರ್ಷಕ್ಕೊಂದು ಸಲ ಅದರ ಸುತ್ತ ಬಣ್ಣ ಬಳಿಸೋದು ನಾನು. ಒಂದು ಗೀರು ಬೀಳೋ ಹಾಗಿಲ್ಲ." ಮೇಡಂ ಸೆರಗಿನ ತುದಿಯಿಂದ ಕಲ್ಲಿನ ಮೇಲಿನ ಧೂಳು ಒರೆಸಿ, ಇಬ್ಬರನ್ನೂ ದುರುಗುಟ್ಟಿ ನೋಡಿ ಒಳಗೆ ಹೋದರು. ಒಳಗಿನಿಂದ ಮುದ್ರೆಯ ಢಬಢಬ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸಿತು.

ಮಿಲಿ ಪುಸ್ತಕ ಮುಚ್ಚಿದಳು. ಇದು ಅವಳ ಮೊದಲನೇ ಸ್ವಂತ ಕೆಲಸ. ಎರಡು ವರ್ಷ ಬೇರೆಯವರ ನಕ್ಷೆಗಳನ್ನು ಗೀಚಿ ಗೀಚಿ ಬೆರಳಿಗೆ ಗಂಟು ಬಂದ ಮೇಲೆ ಸಾಹೇಬರು ಕರೆದು, "ಹೊಸ ಚರಂಡಿ ಪೈಪಿನ ಲೆವೆಲ್ ನೀನೇ ತಗೋ. ಸಹಿನೂ ನಿಂದೇ. ಶನಿವಾರ ಸಂಜೆ ಐದಕ್ಕೆ ಹಾಳೆ ನನ್ನ ಮೇಜಿನ ಮೇಲಿರಬೇಕು, ಸೋಮವಾರ ಅಗೆಯೋರು ಬರ್ತಾರೆ. ಕೂಡಿ ಬರಲಿಲ್ವೋ, ಎದುರು ಟೇಬಲ್ಲಿಗೆ ಕೊಡ್ತೀನಿ, ನೀನು ವಾಪಸ್ ನಕ್ಷೆಗೆ" ಅಂದಿದ್ದರು. ಸಹಿ ಅಂದ ಕೂಡಲೇ ಅವಳು ಹಳೇ ಪೇಪರಿನ ಅಂಚಿನಲ್ಲೆಲ್ಲ ಇನ್ನೂರು ಸಲ ಅಭ್ಯಾಸ ಮಾಡಿದ್ದಳು.

ಎದುರು ಟೇಬಲ್ಲಿನಲ್ಲಿ ಇರುವವನು ಅಡ್ಜಸ್ಟಣ್ಣ. ಊಟದ ಡಬ್ಬಿಯಿಂದ ಹಿಡಿದು ಊರಿನ ಗಡಿಯವರೆಗೆ ಯಾವುದನ್ನು ಬೇಕಾದರೂ ಅಡ್ಜಸ್ಟ್ ಮಾಡಬಲ್ಲ ಮನುಷ್ಯ. ಮಧ್ಯಾಹ್ನ ಮಿಲಿ ಮುಖ ಊದಿಸಿಕೊಂಡು ಒಳಗೆ ಬಂದದ್ದು ನೋಡಿ ಕುರ್ಚಿಯನ್ನೇ ಎಳೆದುಕೊಂಡು ಬಂದ.

"ಎಷ್ಟು ಹೊಡೀತಮ್ಮಾ?"

"ನಲವತ್ತೆರಡು."

"ಯಂತ್ರ ನಿಲ್ಲಿಸಿದ ಸ್ಟೇಷನ್ ಎಷ್ಟು?"

"ಹದಿನಾಲ್ಕು."

ಅಡ್ಜಸ್ಟಣ್ಣನ ಮುಖ ಅರಳಿತು. "ಹದಿನಾಲ್ಕು ಮೂರ್ಲಿ ನಲವತ್ತೆರಡು! ಅಯ್ಯೋ ಹುಚ್ಚು ಹುಡುಗಿ, ದೇವರೇ ಭಾಗಾಕಾರ ಮಾಡಿ ಕೊಟ್ಟಿದ್ದಾನಲ್ಲೇ! ಒಂದೊಂದು ಸ್ಟೇಷನ್ನಿಗೆ ಮೂರು ಮೂರು ಮಿಲಿ ಇಳಿಸಿಬಿಡು. ಶೇಷ ಸೊನ್ನೆ. ಕಾಫಿಗೆ ಮುಂಚೆ ಮುಗಿಯುತ್ತೆ."

"ಅದು ಸುಳ್ಳಲ್ವಾ ಅಣ್ಣಾ?"

"ಸುಳ್ಳೇನು ಬಂತು? ಹಂಚಿಕೆ. ಮೂರು ಮಿಲಿ ಅಂದ್ರೆ ಒಂದು ಕಡಲೆಕಾಳಿನ ಅರ್ಧ. ಹದಿನಾಲ್ಕು ಅರ್ಧ ಕಾಳು ಹುಡುಕಿಕೊಂಡು ಯಾರು ಬರ್ತಾರೆ?"

ಆತ ಹೋದ ಮೇಲೆ ಮಿಲಿ ಒಂದು ಹಾಳೆ ತೆಗೆದುಕೊಂಡಳು. ಮೊದಲನೇ ಸ್ಟೇಷನ್ನಿನ ಎದುರು 'ಕಳೆ ಮೂರು' ಅಂತ ಬರೆದಳು. ಎರಡನೆಯದಕ್ಕೆ ಬರೆದಳು. ಮೂರನೆಯದಕ್ಕೆ ಪೆನ್ನು ಇಟ್ಟವಳು ಅಲ್ಲೇ ನಿಂತಳು. ಊರಿನ ಕೊನೇ ಬೀದಿ ಕಣ್ಣ ಮುಂದೆ ಬಂತು. ಆ ಬೀದಿ ಅಂಗೈಯಷ್ಟು ಸಪಾಟು. ಉದ್ದಕ್ಕೂ ಪೈಪಿಗೆ ಸಿಗುವ ಇಳಿಜಾರೇ ಐವತ್ತು ಮಿಲಿ. ಅಲ್ಲಿ ಪೈಪು ಇಡುವವರು ಅಂಚೆ ಕಚೇರಿಯ ಕಲ್ಲಿನಿಂದಲೇ ಅಳೆದುಕೊಂಡು ಕೆಳಗಿಳಿಯುತ್ತಾರೆ. ಕಲ್ಲಿನ ಅಂಕಿ ನಲವತ್ತೆರಡು ತಪ್ಪಿದ್ದರೆ ಐವತ್ತರಲ್ಲಿ ಉಳಿಯುವುದು ಎಂಟು. ಎಂಟು ಮಿಲಿ ಇಳಿಜಾರಿನಲ್ಲಿ ಚರಂಡಿ ನೀರು ಹರಿಯುವುದಿಲ್ಲ. ಹೋಗಲೋ ಬೇಡವೋ ಅಂತ ನಿಂತು ಯೋಚನೆ ಮಾಡುತ್ತದೆ. ಆಮೇಲೆ ಬೇಡ ಅಂತ ತೀರ್ಮಾನ ಮಾಡಿ ವಾಪಸ್ ಯಾರದ್ದಾದರೂ ಬಚ್ಚಲಿಗೆ ಹೋಗುತ್ತದೆ.

ಮಿಲಿ ಹಾಳೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದಳು.

ಸಂಜೆ ಮನೆಗೆ ಬಂದಾಗ ದೊಡ್ಡಮ್ಮ ಬಟಾಣಿ ಬಿಡಿಸುತ್ತಿದ್ದರು, ದೊಡ್ಡಪ್ಪ ಆ ಬಟಾಣಿಗಳನ್ನು ಒಂದೊಂದಾಗಿ ಊಟದ ಮೇಜಿನ ಮೇಲೆ ಬಿಟ್ಟು ಯಾವ ಕಡೆ ಉರುಳುತ್ತವೆ ಅಂತ ನೋಡುತ್ತಿದ್ದರು. ಮೇಜಿನ ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಆಗಲೇ ಸೇರಿತ್ತು.

"ನೋಡೇ ಮಿಲಿ, ಮೂವತ್ತೈದು ವರ್ಷದಿಂದ ಇದೇ ಗೋಳು" ಅಂದರು ದೊಡ್ಡಮ್ಮ. "ಬೇರೆ ಗಂಡಸರು ತಟ್ಟೆಯಲ್ಲಿ ಏನಿದೆ ಅಂತ ನೋಡ್ತಾರೆ. ಇವರು ತಟ್ಟೆ ಯಾವ ಕಡೆ ವಾಲಿದೆ ಅಂತ ನೋಡ್ತಾರೆ."

"ಸಾರು ಒಂದೇ ಕಡೆ ಸೇರಿಕೊಂಡ್ರೆ ಊಟಕ್ಕೆ ರುಚಿ ಇರಲ್ಲ ಕಣೇ" ಅಂದರು ದೊಡ್ಡಪ್ಪ, ತಲೆ ಎತ್ತದೆ.

ಮಿಲಿ ಚೀಲ ಇಳಿಸಿದಳು. ಹೇಗೆ ಶುರು ಮಾಡುವುದು ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಬಾಯಿಗೆ ಬರುವಷ್ಟರಲ್ಲಿ ಮರೆತೇಹೋಯಿತು. "ದೊಡ್ಡಪ್ಪ, ನಿಮ್ಮ ಅಂಚೆ ಕಚೇರಿ ಕಲ್ಲು ಸರಿ ಬರ್ತಾ ಇಲ್ಲ."

ಉರುಳುತ್ತಿದ್ದ ಬಟಾಣಿ ಮೇಜಿನ ಅಂಚು ದಾಟಿ ಕೆಳಗೆ ಬಿತ್ತು. ಯಾರೂ ಹಿಡಿಯಲಿಲ್ಲ.

"ಏನಂದೆ?"

"ನಲವತ್ತೆರಡು ಮಿಲಿ ಮೇಲಿದೆ. ಎರಡು ಸಲ ನೋಡ್ದೆ. ವಾಪಸ್ ಟ್ಯಾಂಕಿನವರೆಗೂ ಅಳ್ಕೊಂಡು ಹೋದೆ, ಅಲ್ಲಿ ಬರೀ ಎರಡು ಮಿಲಿ ವ್ಯತ್ಯಾಸ. ನನ್ನ ಲೆಕ್ಕ ಸರಿ ಇದೆ."

"ಹಾಗಾದ್ರೆ ನನ್ನ ಲೆಕ್ಕ ತಪ್ಪು ಅಂತೀಯ."

"ನಾನು ಹಾಗಂದೆನಾ?"

"ಅನ್ನದೆ ಬಿಟ್ಟೆ. ಅದು ಇನ್ನೂ ಜೋರಾಗಿ ಕೇಳಿಸ್ತು."

ದೊಡ್ಡಪ್ಪ ಎದ್ದು ಒಳಗೆ ಹೋದರು. ಮುನಿಸಿಕೊಂಡರೇನೋ ಅಂದುಕೊಳ್ಳುವಷ್ಟರಲ್ಲಿ ಒಂದು ಹಳೇ ಫೀಲ್ಡ್ ಬುಕ್ಕು ಹಿಡಿದುಕೊಂಡು ಬಂದು ಅವಳ ಮುಂದೆ ದಪ್ಪೆಂದು ಇಟ್ಟರು. ರಿಜಿಸ್ಟರು ಆಫೀಸಿನದ್ದು, ಆದರೆ ಬೀದಿಯಲ್ಲಿ ನಿಂತು ಬರೆದ ಮೂಲ ಪುಸ್ತಕಗಳನ್ನು ಅವರು ಮನೆಯಲ್ಲೇ ಇಟ್ಟುಕೊಂಡಿದ್ದರು.

"ಹುಡುಕು. ತಿದ್ದಿದ್ದು, ಅಳಿಸಿದ್ದು ಎಲ್ಲಾದರೂ ಇದೆಯಾ ಹುಡುಕು. ಫೀಲ್ಡ್ ಬುಕ್ಕಿನಲ್ಲಿ ರಬ್ಬರ್ ಮುಟ್ಟಬಾರದು, ತಪ್ಪಾದ್ರೆ ಒಂದೇ ಗೀಟು ಹೊಡೆದು ಮೇಲೆ ಬರೀಬೇಕು. ಇಡೀ ನೌಕರಿಯಲ್ಲಿ ನಾನು ಹೊಡೆದ ಗೀಟು ಮೂರು. ಮೂರೇ ಮೂರು."

"ಮೂರನೇದು ನಮ್ಮ ಮದುವೆ ಮಾರನೇ ದಿನದ್ದು" ಅಂದರು ದೊಡ್ಡಮ್ಮ. "ಇವತ್ತಿಗೂ ನನ್ನ ಮೇಲೇ ಹಾಕ್ತಾರೆ."

ಮಿಲಿ ಪುಟ ತಿರುವಿದಳು. ಮುತ್ತು ಪೋಣಿಸಿದಂಥ ಅಂಕಿಗಳು. ಗೀಟು ಇರಲಿ, ಒಂದು ಶಾಯಿಯ ಚುಕ್ಕೆಯೂ ಇಲ್ಲ. ಅಂಚೆ ಕಚೇರಿಯ ಪುಟದಲ್ಲಿ ಅಂಚಿಗೆ ಒಂದು ಪುಟ್ಟ ಚಿತ್ರ: ಜಗಲಿ, ಕಲ್ಲು, ಅದರ ಮೇಲೊಂದು ಕಿಟಕಿ, ಕಿಟಕಿಯಲ್ಲಿ ಪರದೆ. ಕಲ್ಲಿಗೂ ಕಿಟಕಿಗೂ ನಡುವೆ ಬಾಣದ ಗೆರೆ, ಏನೋ ಒಂದು ಅಂಕಿ.

"ಪರದೆಯ ನೆರಿಗೆ ಕೂಡ ಬಿಡಿಸಿದೀರಲ್ಲ ದೊಡ್ಡಪ್ಪ! ಇಷ್ಟು ಪುರುಸೊತ್ತು ಎಲ್ಲಿತ್ತು?"

"ನಗು, ನಗು. ಆಗಿನ ಸಾಹೇಬರೂ ಹಾಗೇ ನಕ್ಕರು, ಶಾಯಿ ದಂಡ ಅಂತ. ನಾಳೆ ಬೆಳಗ್ಗೆ ಎಷ್ಟು ಗಂಟೆಗೆ ಹೊರಡೋದು?"

"ಯಾರು?"

"ನಾನು. ನನ್ನ ಕಣ್ಣಲ್ಲೇ ನೋಡ್ತೀನಿ. ಬೆಳಗಾಗಲಿ, ನಿನ್ನ ನಲವತ್ತೆರಡನ್ನ ಕಿವಿ ಹಿಡಿದು ಎಳ್ಕೊಂಡು ಬರ್ತೀನಿ."

ಶನಿವಾರ ಬೆಳಗ್ಗೆ ಏಳಕ್ಕೇ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಳೇ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಟ್ಯಾಂಕಿನ ಬುಡದಲ್ಲಿ ನಿಂತಿದ್ದರು. ಆರು ವರ್ಷದ ಮೇಲೆ ಅವರನ್ನು ಕೆಲಸದಲ್ಲಿ ಕಂಡ ಕೋಲಣ್ಣನಿಗೆ ಸಂಭ್ರಮವೋ ಸಂಭ್ರಮ. ಕೋಲನ್ನು ಮೂರು ಸಲ ಒರೆಸಿದ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡ.

ಮಿಲಿ ಯಂತ್ರ ನಿಲ್ಲಿಸಿ, ಮಟ್ಟ ತೋರಿಸುವ ಗುಳ್ಳೆಯನ್ನು ನಡುವಿಗೆ ತಂದು ಪಕ್ಕಕ್ಕೆ ಸರಿದಳು. ದೊಡ್ಡಪ್ಪ ಬಗ್ಗಿ ಕಣ್ಣಿಟ್ಟರು. ಇಟ್ಟವರು ಬೆಚ್ಚಿಬಿದ್ದು ತಲೆ ಎತ್ತಿದರು. ಮತ್ತೆ ಬಗ್ಗಿದರು.

"ಇದೇನೇ ಇದು? ಕೋಲಣ್ಣ ನೆಟ್ಟಗೆ ನಿಂತಿದಾನೆ!"

"ಮತ್ತೆ ಹೇಗೆ ನಿಲ್ಲಬೇಕಿತ್ತು?"

"ನಮ್ಮ ಕಾಲದ ಯಂತ್ರದಲ್ಲಿ ಎಲ್ಲಾ ತಲೆಕೆಳಗಾಗಿ ಕಾಣ್ತಿತ್ತು ಕಣೇ. ಆಕಾಶ ಕೆಳಗೆ, ನೆಲ ಮೇಲೆ, ಇವನು ಬಾವಲಿ ಥರ ನೇತಾಡ್ತಾ ಇರೋನು. ಮೂವತ್ತು ವರ್ಷ ಹಾಗೇ ನೋಡಿದ್ದೀನಿ. ದುರ್ಬೀನಲ್ಲಿ ಇವನ ಮುಖ ನೇರವಾಗಿ ಕಾಣ್ತಾ ಇರೋದು ಇದೇ ಮೊದಲು." ಇನ್ನೂ ಸ್ವಲ್ಪ ಹೊತ್ತು ನೋಡಿ ಜೋರಾಗಿ ಕೂಗಿ ಹೇಳಿದರು: "ತಲೆಕೆಳಗಾಗಿದ್ರೇನೇ ಚೆನ್ನಾಗಿದ್ದೆ ಕಣಯ್ಯಾ!"

ಕೋಲಣ್ಣನ ಕೈಯಲ್ಲಿ ಕೋಲು ಇತ್ತು. ಆದ್ದರಿಂದ ಆತ ಉತ್ತರ ಕೊಡಲಿಲ್ಲ. ಮೀಸೆ ಮಾತ್ರ ಕುಣಿಯಿತು.

"ಬರ್ಕೋ" ಅಂದರು ದೊಡ್ಡಪ್ಪ, ಗತ್ತಿನಿಂದ. "ಒಂದು ಪಾಯಿಂಟ್ ಆರು ಎರಡು ಸೊನ್ನೆ."

ಮಿಲಿ ಬರೆದಳು. ಬರೆದದ್ದನ್ನು ತಿರುಗಿ ಓದಿ ಹೇಳಿದಳು, ಅದು ನಿಯಮ. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಇದೇ ಜಾಗದಿಂದ ನಿನ್ನೆ ಸುಮಾರು ಒಂದು ಪಾಯಿಂಟ್ ಐದು ಎಂಟು ಬಂದಿತ್ತು. ದೊಡ್ಡಪ್ಪನಿಗೆ ಹೇಗೆ ಹೇಳುವುದು? ಹೇಳದೇ ಹೇಗಿರುವುದು? ತಾನೂ ಒಮ್ಮೆ ಕಣ್ಣಿಟ್ಟು ನೋಡಿದಳು.

"ದೊಡ್ಡಪ್ಪ... ಅಂಕಿ ಮೇಲಿಂದ ಕೆಳಗೆ ಎಣಿಸಿದ್ರಾ?"

"ಹೌದು, ಯಾವತ್ತೂ ಹಾಗೇ ಅಲ್ವಾ?"

"ಈಗ ಎಲ್ಲಾ ನೆಟ್ಟಗಿದೆ. ಕೆಳಗಿಂದ ಮೇಲೆ ಎಣಿಸಬೇಕು. ಆರರ ಗೆರೆಗೆ ಇಪ್ಪತ್ತು ಮಿಲಿ ಕೂಡೋದಲ್ಲ, ಕಳೆಯೋದು. ಅದು ಒಂದು ಪಾಯಿಂಟ್ ಐದು ಎಂಟು ಸೊನ್ನೆ."

ದೊಡ್ಡಪ್ಪನ ಮುಖ ಕಹಿ ಔಷಧಿ ಕುಡಿದವರ ಹಾಗಾಯಿತು. ಯಂತ್ರ ನೋಡಿದರು, ಕೋಲಣ್ಣನನ್ನು ನೋಡಿದರು, ಆಕಾಶ ಎಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳುವವರಂತೆ ಒಮ್ಮೆ ಮೇಲೂ ನೋಡಿದರು. ಆಮೇಲೆ ಪೆನ್ನು ಇಸಿದುಕೊಂಡು, ತಾವೇ ಆ ಅಂಕಿಯ ಮೇಲೆ ನೇರವಾಗಿ ಒಂದು ಗೀಟು ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು.

"ನಾಲ್ಕು" ಅಂದರು. "ನಿಮ್ಮ ದೊಡ್ಡಮ್ಮನಿಗೆ ಹೇಳಬೇಡ."

ಅಲ್ಲಿಂದಾಚೆಗೆ ಅವರು ಓದಿದ್ದನ್ನು ಅವಳು ನೋಡಿದಳು, ಅವಳು ಓದಿದ್ದನ್ನು ಅವರು ನೋಡಿದರು. ತರಕಾರಿ ಗಾಡಿಗಳು ಅಡ್ಡ ಬಂದವು. ಒಬ್ಬಾಕೆ ಬಂದು ಫೋಟೋ ತೆಗೀತಿದೀರಾ ಅಂತ ಕೇಳಿ ಕೋಲಣ್ಣನ ಪಕ್ಕ ನಿಂತು ತಲೆ ಸರಿಮಾಡಿಕೊಂಡಳು. ಹತ್ತು ಗಂಟೆ ಹೊತ್ತಿಗೆ ಬಿಸಿಲು ಏರಿ ದುರ್ಬೀನಿನಲ್ಲಿ ಅಂಕಿಗಳು ನಡುಗತೊಡಗಿದವು. ದೊಡ್ಡಪ್ಪ ಯಂತ್ರಕ್ಕೂ ಕೋಲಿಗೂ ನಡುವಿನ ದೂರ ಕಡಿಮೆ ಮಾಡಿಸಿ, ಯಂತ್ರವನ್ನು ಹತ್ತಿರ ಹತ್ತಿರ ನಿಲ್ಲಿಸಲು ಹೇಳಿದರು. ಆ ಉಪಾಯ ಮಿಲಿಗೆ ಹೊಳೆದಿರಲಿಲ್ಲ. ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಹನ್ನೆರಡೂವರೆಗೆ ಅಂಚೆ ಕಚೇರಿ ಮುಟ್ಟಿದರು. ಕೋಲಣ್ಣ ಈ ಸಲ ಕೋಲನ್ನು ಕಲ್ಲಿನ ಮೇಲೆ ಮೊಟ್ಟೆ ಇಟ್ಟ ಹಾಗೆ ಇಟ್ಟ. ಮೇಡಂ ಕಿಟಕಿಯಿಂದಲೇ ಮೆಚ್ಚಿಕೊಂಡು ತಲೆಯಾಡಿಸಿದರು.

ಮಿಲಿ ಕೂಡಿದಳು, ಕಳೆದಳು. ದೊಡ್ಡಪ್ಪ ಬೇರೆ ಹಾಳೆಯಲ್ಲಿ ತಾವೂ ಕೂಡಿ ಕಳೆದರು. ಇಬ್ಬರೂ ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ ಕೂತಿದ್ದರು, ಪರೀಕ್ಷೆಗೆ ಕೂತ ಮಕ್ಕಳ ಹಾಗೆ.

"ಎಷ್ಟು?" ಅಂದರು ದೊಡ್ಡಪ್ಪ.

"ನೀವು ಮೊದಲು ಹೇಳಿ."

"ತೊಂಬತ್ತೇಳು ಪಾಯಿಂಟ್ ಮೂರು ಆರು ಒಂದು."

"ನಂದೂ ಅದೇ. ನಿನ್ನೆಗಿಂತ ಒಂದೇ ಮಿಲಿ ಆಚೀಚೆ."

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಬೆಳಗ್ಗೆ ಇಸ್ತ್ರಿ ಅಂಗಿಯ ಒಳಗೆ ಬಂದಿದ್ದ ಮನುಷ್ಯ ಈಗ ಅದೇ ಅಂಗಿಯೊಳಗೆ ಒಂದು ಸುತ್ತು ಸಣ್ಣಗಾದ ಹಾಗೆ ಕಂಡರು.

"ಸರಿ" ಅಂದರು ಕೊನೆಗೆ, ನೆಲ ನೋಡುತ್ತಾ. "ಮೂವತ್ತು ವರ್ಷದಿಂದ ಈ ಊರು ನನ್ನ ತಪ್ಪಿನ ಮೇಲೆ ನಿಂತಿತ್ತು ಅಂತಾಯ್ತು. ಬರಿ ಮಗಾ. ಕಂಡದ್ದನ್ನೇ ಬರೀಬೇಕು, ಬೇಕಾದ್ದನ್ನಲ್ಲ. ಅದನ್ನ ನಿನಗೆ ಹೇಳಿಕೊಟ್ಟೋನು ನಾನೇ."

ಮಿಲಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಕಂಡದ್ದನ್ನೇ ಬರೆಯುವ ಈ ಮನುಷ್ಯ, ಪರದೆಯ ನೆರಿಗೆಯನ್ನೂ ಬಿಡದೆ ಬರೆಯುವ ಮನುಷ್ಯ...

ಪರದೆ!

ಅವಳು ಸರಕ್ಕನೆ ತಲೆ ಎತ್ತಿದಳು. ಕಲ್ಲಿನ ಮೇಲೆ ಗೋಡೆಯಲ್ಲಿ ಅದೇ ಕಿಟಕಿ. ಪರದೆ ಬದಲಾಗಿತ್ತು, ಕಿಟಕಿ ಅಲ್ಲೇ ಇತ್ತು.

"ದೊಡ್ಡಪ್ಪ! ಆ ಚಿತ್ರದಲ್ಲಿ ಬಾಣದ ಗೆರೆ ಇತ್ತಲ್ಲ, ಅದೇನದು?"

"ಯಾವುದು? ಓ, ಅದಾ. ಸಾಕ್ಷಿ ಅಳತೆ. ಕಲ್ಲಿನ ತಲೆಯಿಂದ ಕಿಟಕಿ ಚೌಕಟ್ಟಿನ ತಳಕ್ಕೆ ಎಷ್ಟು ಅಂತ. ಕಲ್ಲಿಗೆ ಏನಾದ್ರೂ ಆದ್ರೆ ಗೊತ್ತಾಗಲಿ ಅಂತ..." ಮಾತು ಅರ್ಧಕ್ಕೇ ನಿಂತಿತು. ಇಬ್ಬರೂ ಒಟ್ಟಿಗೆ ಪುಸ್ತಕಕ್ಕೆ ಕೈ ಹಾಕಿದರು. ಒಂದು ಪಾಯಿಂಟ್ ಒಂದು ಒಂದು ಐದು.

"ಟೇಪು!" ಅಂತ ಕೂಗಿದಳು ಮಿಲಿ.

ಕೋಲಣ್ಣ ಟೇಪಿನ ತುದಿಯನ್ನು ಕಲ್ಲಿಗೆ ಒತ್ತಿ ಹಿಡಿದ. ಮಿಲಿ ಕಿಟಕಿಯ ತಳಕ್ಕೆ ಕಣ್ಣು ಹತ್ತಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಒಂದು ಪಾಯಿಂಟ್ ಸೊನ್ನೆ ಏಳು ಮೂರು."

"ಒಂದು ನೂರಾ ಹದಿನೈದರಲ್ಲಿ ಎಪ್ಪತ್ಮೂರು ಹೋದರೆ..." ಕೋಲಣ್ಣ ಬೆರಳು ಮಡಚತೊಡಗಿದ.

"ನಲವತ್ತೆರಡು!" ದೊಡ್ಡಪ್ಪನೂ ಮಿಲಿಯೂ ಒಂದೇ ಉಸಿರಿಗೆ ಕಿರುಚಿದರು. ಅಂಚೆ ಕಚೇರಿಯೊಳಗೆ ಸಾಲಿನಲ್ಲಿ ನಿಂತಿದ್ದ ನಾಲ್ಕು ಜನ ಹೊರಗೆ ಇಣುಕಿದರು.

ಕಲ್ಲು ಮೇಲೆ ಬಂದಿತ್ತು. ದೊಡ್ಡಪ್ಪನೂ ಸರಿ, ಮಿಲಿಯೂ ಸರಿ. ತಪ್ಪಿದ್ದು ಕಲ್ಲು. ಆದರೆ ಗೋಡೆ ಹಾಗೇ ಇದ್ದು ಕಲ್ಲು ಒಂದೇ ತಾನಾಗಿ ಮೇಲೇಳಲು ಅದೇನು ಅಣಬೆಯೇ?

"ಏನ್ರೀ ಅದು ಗಲಾಟೆ?" ಮೇಡಂ ಹೊರಗೆ ಬಂದರು.

"ಮೇಡಂ" ಅಂದಳು ಮಿಲಿ, ಆದಷ್ಟು ಮೆತ್ತಗೆ, "ಈ ಕಲ್ಲನ್ನ ಯಾರಾದರೂ... ಅಲ್ಲಾಡಿಸಿದ್ರಾ?"

"ಅಲ್ಲಾಡಿಸೋದಾ? ನಾನಿರುವಾಗ?" ಮೇಡಂಗೆ ಸಿಟ್ಟು ನೆತ್ತಿಗೇರಿತು. "ನಾಲ್ಕು ವರ್ಷದ ಹಿಂದೆ ಈ ಜಗಲಿಗೆ ಹೊಸ ಟೈಲ್ಸ್ ಹಾಕಿದ್ರಲ್ಲ, ಆ ಗಾರೆಯವನು ಕಲ್ಲನ್ನ ಟೈಲ್ಸ್ ಕೆಳಗೆ ಮುಚ್ಚಿಬಿಡೋನಿದ್ದ. ಗೊತ್ತಾ? ನಾನು ಅಡ್ಡ ನಿಂತೆ. ಸರ್ಕಾರದ ಕಲ್ಲು, ಮುಟ್ಟಿದ್ರೆ ನೋಡು ಅಂದೆ. ಜೋಪಾನವಾಗಿ ಕೀಳಿಸಿದೆ, ಹಳೇ ಬೆಡ್‌ಶೀಟಲ್ಲಿ ಸುತ್ತಿ ಎಂಟು ದಿನ ನನ್ನ ಮೇಜಿನ ಕೆಳಗೆ, ಕಾಲು ಕೂಡ ತಾಗದ ಹಾಗೆ ಇಟ್ಕೊಂಡೆ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ, ಹೊಸ ಟೈಲ್ಸ್ ಸಮಕ್ಕೆ, ಒಳ್ಳೇ ಸಿಮೆಂಟ್ ಹಾಕಿಸಿ ಕೂರಿಸಿದೆ. ಮೊದಲಿಗಿಂತ ಗಟ್ಟಿಯಾಗಿದೆ ಬೇಕಾದ್ರೆ ನೋಡಿ!"

ಅಷ್ಟು ಪ್ರೀತಿಯಿಂದ ಆ ಕಲ್ಲನ್ನು ಜಗತ್ತಿನಲ್ಲಿ ಯಾರೂ ನೋಡಿಕೊಂಡಿರಲಿಕ್ಕಿಲ್ಲ. ಅದರ ಒಂದೇ ಒಂದು ಕೆಲಸ ಇದ್ದಲ್ಲೇ ಇರುವುದು. ಅದನ್ನೊಂದು ಬಿಟ್ಟು ಉಳಿದ ಎಲ್ಲವನ್ನೂ ಮೇಡಂ ಕಾಪಾಡಿದ್ದರು.

"ಟೈಲ್ಸಿನ ದಪ್ಪ ಎಷ್ಟಿರಬಹುದು?" ಅಂದರು ದೊಡ್ಡಪ್ಪ, ಧ್ವನಿ ನಡುಗದಂತೆ ಹಿಡಿದುಕೊಂಡು. ದುಃಖಕ್ಕಲ್ಲ, ನಗುವಿಗೆ.

"ಕೆಳಗಿನ ಗಾರೆ ಸೇರಿ ನಾಲ್ಕು ಸೆಂಟಿಮೀಟರ್ ಮೇಲೆ ಸ್ವಲ್ಪ ಅಂದಿದ್ದ. ಯಾಕೆ? ಏನಾದ್ರೂ ತೊಂದರೆ ಆಯ್ತಾ? ಬೇಕಾದ್ರೆ ಈಗಲೇ ಗಾರೆಯವನನ್ನ ಕರೆಸಿ ಮೊದಲಿನ ಹಾಗೇ ಇಳಿಸಿಬಿಡ್ತೀನಿ."

"ಬೇಡಾ!" ಮೂವರೂ ಒಟ್ಟಿಗೆ ಕೂಗಿದರು. ಕೋಲಣ್ಣ ಕೋಲು ಹಿಡಿದುಕೊಂಡೇ ಕೂಗಿದ. ಮೂವತ್ತಾರು ವರ್ಷದಲ್ಲಿ ಇದೇ ಮೊದಲು.

ಟ್ಯಾಂಕಿನ ಕಲ್ಲಿಗೂ ಹಳೇ ಪುಸ್ತಕದಲ್ಲಿ ಸಾಕ್ಷಿ ಅಳತೆ ಇತ್ತು. ಕೋಲಣ್ಣ ಸೈಕಲ್ಲಿನಲ್ಲಿ ಹೋಗಿ ಅಳೆದು ಬಂದ. ಅಲ್ಲಿ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಆ ಕಲ್ಲನ್ನು ಪ್ರೀತಿಸುವವರು ಯಾರೂ ಇರಲಿಲ್ಲವಲ್ಲ.

ನಾಲ್ಕೂವರೆಗೆ ಸಾಹೇಬರ ಕೋಣೆಯಲ್ಲಿ ಮೇಜಿನ ಮೇಲೆ ಎರಡೂ ಫೀಲ್ಡ್ ಬುಕ್ಕು, ಚಿತ್ರ, ಮಿಲಿಯ ಹಾಳೆ, ಎಲ್ಲ ಹರಡಿದ್ದವು. ಸಾಹೇಬರು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಬಾಗಿಲ ಬಳಿ ಅಡ್ಜಸ್ಟಣ್ಣ ಒರಗಿ ನಿಂತಿದ್ದ.

"ಮೂರು ಮೂರು ಹಂಚಿದ್ದಿದ್ರೆ ನಿನ್ನೆ ಕಾಫಿಗೇ ಮುಗೀತಿತ್ತು" ಅಂದ.

"ಆಮೇಲೆ ಚರಂಡಿ ನೀರನ್ನ ಯಾರಿಗೆ ಹಂಚೋದು?" ಅಂದರು ಸಾಹೇಬರು, ತಲೆ ಎತ್ತದೆ. "ಕೊನೇ ಬೀದೀಲಿ ಮೊದಲನೇ ಮನೆ ನಿಮ್ಮ ಅತ್ತೆ ಮನೆ ಅಲ್ವೇನ್ರೀ?"

ಅಡ್ಜಸ್ಟಣ್ಣ ಒರಗುವುದನ್ನು ನಿಲ್ಲಿಸಿ ನೆಟ್ಟಗೆ ನಿಂತ. ಆ ಅತ್ತೆಯ ಹತ್ತಿರ ಯಾವ ಅಡ್ಜಸ್ಟೂ ನಡೆಯುವುದಿಲ್ಲ ಅಂತ ಇಡೀ ಆಫೀಸಿಗೆ ಗೊತ್ತಿತ್ತು.

ಸಾಹೇಬರು ಬೀರುವಿನಿಂದ ದಪ್ಪ ರಿಜಿಸ್ಟರು ತೆಗೆದು ಮಿಲಿಯ ಮುಂದೆ ತಳ್ಳಿದರು. "ತಿದ್ದು. ಕಂಡುಹಿಡಿದವರೇ ತಿದ್ದಬೇಕು."

ಮಿಲಿ ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪನ ಕಡೆ ತಿರುಗಿದಳು. ಪುಟದ ತುಂಬ ಅವರ ಮುತ್ತಿನಂಥ ಅಂಕಿಗಳು. ಎಲ್ಲೂ ಒಂದು ಗೀಟಿಲ್ಲ. ಪೆನ್ನು ಹಿಡಿದ ಕೈ ಮುಂದೆ ಹೋಗಲಿಲ್ಲ.

"ಹೊಡಿಯೇ" ಅಂದರು ದೊಡ್ಡಪ್ಪ. ಅವರೇ ಸ್ಕೇಲು ತಂದು ಅಂಕಿಯ ನಡುವಿಗೆ ಸರಿಯಾಗಿ ಇಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದರು. "ಒಂದೇ ಗೀಟು. ಕೆಳಗಿನ ಅಂಕಿ ಓದೋಕೆ ಆಗಬೇಕು. ಅದು ತಪ್ಪಲ್ಲ, ಹಳೇದು ಅಷ್ಟೆ."

ಮಿಲಿ ಎಳೆದಳು. ಮೇಲೆ ಹೊಸ ಅಂಕಿ ಬರೆದಳು, ಪಕ್ಕದಲ್ಲಿ 'ಜಗಲಿಯ ನೆಲ ಎತ್ತರಿಸಿದಾಗ ಕಲ್ಲು ಕಿತ್ತು ಮರಳಿ ಕೂರಿಸಲಾಗಿದೆ' ಅಂತ ಬರೆದಳು. ಕಿಟಕಿಯ ಹೊಸ ಸಾಕ್ಷಿ ಅಳತೆಯನ್ನೂ ಬರೆದಳು. ಒಂದು ಕ್ಷಣ ಯೋಚಿಸಿ, ಅಂಚಿನಲ್ಲಿ ಪುಟ್ಟದಾಗಿ ಕಿಟಕಿ ಬಿಡಿಸಿ, ಪರದೆಗೆ ನಾಲ್ಕು ನೆರಿಗೆ ಹಾಕಿದಳು. ಆಮೇಲೆ ಇನ್ನೂರು ಸಲ ಅಭ್ಯಾಸ ಮಾಡಿದ್ದ ಸಹಿಯನ್ನು ಮೊದಲ ಸಲ ನಿಜವಾಗಿ ಹಾಕಿದಳು.

ದೊಡ್ಡಪ್ಪ ಬಗ್ಗಿ ನೋಡಿದರು. ಕನ್ನಡಕ ಮೇಲೆ ಕೆಳಗೆ ಮಾಡಿ ಮತ್ತೆ ನೋಡಿದರು.

"ಎಲ್ಲಾ ಸರಿ ಇದೆ" ಅಂದರು. "ಸಹಿ ಮಾತ್ರ ಬಲಗಡೆ ಎರಡು ಮಿಲಿ ಇಳಿದಿದೆ ಕಣೇ."

ಮಿಲಿ ಸ್ಕೇಲು ಇಸಿದುಕೊಂಡು ಅಳೆದಳು. ಮೂರಿತ್ತು.